ನೆಲ ಮುಟ್ಟುವ ತನಕ

ನಮ್ಮ ಅತ್ತೆಯ ಕೈಗೆ ದಯವಿಟ್ಟು ಏನನ್ನೂ ಕೊಡಬೇಡಿ. ಬೀಳಿಸುತ್ತಾಳೆ! ಕೈ ನಡುಗಿ ಅಲ್ಲ, ಕೈ ಜಾರಿ ಅಲ್ಲ, ಕಣ್ಣು ಮಂಜಾಗಿಯೂ ಅಲ್ಲ. ಬೇಕಂತಲೇ, ಎತ್ತರದ ಜಾಗ ಹುಡುಕಿ, ನಾಲ್ಕು ಮಂದಿ ನೋಡುವ ಹಾಗೆ ಬೀಳಿಸುತ್ತಾಳೆ. ಬಿದ್ದದ್ದು ಒಡೆದರೆ ಅವಳಿಗೇನೂ ಬೇಸರವಿಲ್ಲ. ಒಡೆದ ಚೂರುಗಳ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು, 'ಈಗೇನಂತೀರಿ?' ಎಂದು ಕೇಳುತ್ತಾಳೆ. ಏನು ಹೇಳೋಣ? ಪೊರಕೆ ತರುತ್ತೇವೆ ಎಂದು ಹೇಳುತ್ತೇವೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಬೈಲಹೊಂಗಲದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಅವಳ ಗಂಡನ ಮನೆ. ಮಾವನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಗಂಡನ ಮನೆಗೆ ಹಂಚಿನ ಸೂರು, ಅದರ ಮೇಲೆ ನಿಂತರೆ ಅತ್ತೆಯೇ ಮೊದಲು ಬೀಳುತ್ತಿದ್ದಳು. ನಮ್ಮದು ಮಣ್ಣಿನ ಮಾಳಿಗೆ, ಮೇಲೆ ಚಪ್ಪಟೆ, ಸಂಡಿಗೆ ಒಣಗಿಸಲು ಮಾಡಿದ್ದು. ಹೀಗಾಗಿ ವಿಜ್ಞಾನದ ಕೆಲಸಕ್ಕೆಲ್ಲ ತವರುಮನೆಯೇ ಆಗಬೇಕಿತ್ತು. ಜೊತೆಗೆ ನಮ್ಮ ಬೀದಿಯ ಕಡೆಯ ಗೋಡೆ ಒಂದಿಷ್ಟು ಹೊರಗೆ ವಾಲಿತ್ತು. ಇಟಲಿಯಲ್ಲಿ ಯಾರೋ ಗಡ್ಡದ ಅಜ್ಜ ವಾಲಿದ ಗೋಪುರ ಹತ್ತಿ ಗುಂಡು ಬಿಟ್ಟನೆಂದು ಓದಿದ ದಿನದಿಂದ ಅತ್ತೆ ಆ ಗೋಡೆಯನ್ನು ರಿಪೇರಿ ಮಾಡಲು ಅಪ್ಪನಿಗೆ ಬಿಡಲೇ ಇಲ್ಲ.

ಓದಿದ್ದಾದರೂ ಎಲ್ಲಿ ಅಂತೀರಾ? ರದ್ದಿ ಅಂಗಡಿಯಿಂದ ತಂದ ಪಿಯುಸಿಯ ಹಳೆಯ ಭೌತಶಾಸ್ತ್ರದ ಪುಸ್ತಕದಲ್ಲಿ. ಅದರ ಮೊದಲ ಪಾಠಗಳನ್ನು ಇಲಿ ತಿಂದಿತ್ತು. ಬೀಳುವ ವಸ್ತುಗಳ ಪಾಠದಿಂದ ಪುಸ್ತಕ ಶುರು. ಅತ್ತೆಯೂ ಅಲ್ಲಿಂದಲೇ ಶುರು ಮಾಡಿದಳು, ಮತ್ತು ನನಗೆ ತಿಳಿದಂತೆ ಮುಂದಿನ ಪಾಠಕ್ಕೆ ಹೋಗಲೇ ಇಲ್ಲ!

ಅವಳ ಸಿದ್ಧಾಂತ ಇಷ್ಟೇ. ಭಾರದ್ದನ್ನೂ ಹಗುರದ್ದನ್ನೂ ಒಂದೇ ಎತ್ತರದಿಂದ ಒಟ್ಟಿಗೆ ಬಿಟ್ಟರೆ ಎರಡೂ ಒಟ್ಟಿಗೇ ನೆಲಕ್ಕೆ ಬೀಳುತ್ತವೆ. ಇದನ್ನು ನಂಬದವರು ಊರಲ್ಲಿ ಯಾರಿದ್ದರೂ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ದುರದೃಷ್ಟಕ್ಕೆ ಊರೇ ನಂಬಿರಲಿಲ್ಲ.

ಮಾಳಿಗೆಯ ಅಂಚಿನಲ್ಲಿ ಅತ್ತೆ, ಕೆಳಗೆ ಬೀದಿಯಲ್ಲಿ ಮಾವ. ಮಾವನ ಕೆಲಸ ಎರಡು. ಬಿಡುವ ಮೊದಲು 'ಹಿಂದಕ್ಕ ಸರೀರಿ!' ಎಂದು ಬೀದಿಗೆ ಎಚ್ಚರಿಸುವುದು. ಬಿದ್ದ ಮೇಲೆ 'ಕೂಡೇ ಬಿದ್ವು!' ಎಂದು ಕೂಗುವುದು. ಮೇಲಿನಿಂದ ಅತ್ತೆ 'ಬಿದ್ವಾ?' ಅನ್ನುವುದು, ಕೆಳಗಿನಿಂದ ಮಾವ 'ಕೂಡೇ ಬಿದ್ವು!' ಅನ್ನುವುದು. ಅಂಜುಬುರುಕ ಮನುಷ್ಯ, ಮೇಲಿನಿಂದ ಬಿಟ್ಟದ್ದು ಬೀಳುವ ಹೊತ್ತಿಗೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿರುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಅವನ ಉತ್ತರ ಒಮ್ಮೆಯೂ ಬದಲಾಗಲಿಲ್ಲ. ಇದಕ್ಕೆ ವಿಜ್ಞಾನ ಎನ್ನಬೇಕೋ ಸಂಸಾರ ಎನ್ನಬೇಕೋ ನೀವೇ ಹೇಳಿ.

ಒಂದು ಅಮಾವಾಸ್ಯೆಯ ಬೆಳಿಗ್ಗೆ ಅತ್ತೆ ಒಂದು ಬೂದುಗುಂಬಳಕಾಯಿ, ಒಂದು ಲಿಂಬೆಹಣ್ಣು ಹಿಡಿದು ಮಾಳಿಗೆ ಹತ್ತಿದಳು. ಭಾರದ್ದೊಂದು, ಹಗುರದ್ದೊಂದು, ಅವಳ ಲೆಕ್ಕ ಸರಿಯಾಗಿಯೇ ಇತ್ತು. ಬಿಟ್ಟಳು. ಮಾವ ಕೂಗಿದ. ಇಬ್ಬರೂ ಸಂತೋಷದಿಂದ ಒಳಗೆ ಚಹಾ ಕುಡಿಯಲು ಹೋದರು. ಚಹಾ ಮುಗಿಸಿ ಹೊರಗೆ ಬಂದರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ! ಹಾಲಿನವಳು ಅರ್ಧ ದಾರಿಯಿಂದಲೇ ತಿರುಗಿ ಹೋಗಿದ್ದಳು. ಚಕ್ಕಡಿಯವನು ಎತ್ತು ಹಿಂದಕ್ಕೆ ಹೊಡೆದಿದ್ದ. ಶಾಲೆಗೆ ಹೊರಟ ಮಕ್ಕಳನ್ನು ತಾಯಂದಿರು ಒಳಗೆಳೆದು ಬಾಗಿಲು ಹಾಕಿದ್ದರು. ಅಮಾವಾಸ್ಯೆ ದಿನ, ನಡುಬೀದಿಯಲ್ಲಿ ಒಡೆದ ಕುಂಬಳಕಾಯಿ, ಪಕ್ಕದಲ್ಲಿ ಲಿಂಬೆಹಣ್ಣು! ಎದುರು ಮನೆಯವರು ತಮ್ಮ ಪಕ್ಕದ ಮನೆಯವರೇ ಮಾಟ ಮಾಡಿಸಿದ್ದಾರೆಂದು ಬಾಗಿಲೊಳಗಿಂದಲೇ ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದರು.

ಅತ್ತೆ ಓಡಿ ಮಾಳಿಗೆ ಹತ್ತಿ ಕೂಗಿದಳು: "ಏ, ಅಂಜಬ್ಯಾಡ್ರಿ! ಮಾಟ ಅಲ್ಲ, ವಿಜ್ಞಾನ!"

ಎದುರು ಮನೆಯ ಮುದುಕ ಕಿಟಕಿಯಿಂದ ಮುಖವನ್ನಷ್ಟೇ ಹೊರಗೆ ಹಾಕಿ ಕೈ ಮುಗಿದ: "ಅದೂ ನಮಗ ಆಗಿ ಬರೂದಿಲ್ಲವ್ವಾ. ಮದಲ ಬಳದ ತಗಸ್ರಿ!"

ಈಗ ಒಂದು ಮಾತು. ಇದೆಲ್ಲ ಬರಿಯ ತಮಾಷೆಯಾಗಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ. ಬೀಳುವುದರ ಮೇಲೆಯೇ ನನ್ನ ಹಣೆಬರಹ ನಿಂತಿತ್ತು.

ನಮ್ಮ ಮನೆಯಲ್ಲಿ ಯಾವ ದೊಡ್ಡ ಕೆಲಸಕ್ಕೂ ಓಣಿಯ ದ್ಯಾಮವ್ವನಿಗೆ ಹೂ ಹಚ್ಚಿ ಕೇಳುವ ಪದ್ಧತಿ. ದೇವಿಯ ಎರಡೂ ಭುಜಕ್ಕೆ ನೀರಲ್ಲಿ ಅದ್ದಿದ ಹೂವು ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ಬೋರು ಹೊಡೆಸಲು ಕೇಳಿದ್ದರು, ಟ್ರ್ಯಾಕ್ಟರ್ ಕೊಳ್ಳಲು ಕೇಳಿದ್ದರು, ಎಮ್ಮೆ ಮಾರಲೂ ಕೇಳಿದ್ದರು. ಈ ಇಲಾಖೆಯ ಮುಖ್ಯಸ್ಥೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ನಾನು ಎಂಟನೆತ್ತೆಯಲ್ಲಿ, ಅಂದರೆ ಎಂಟನೇ ತರಗತಿಯಲ್ಲಿರುವಾಗಲೇ, ಧಾರವಾಡಕ್ಕೆ ಹೋಗಿ ಪಿಯುಸಿ ಸಾಯನ್ಸ್ ಓದುತ್ತೇನೆ ಎಂದು ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಅಪ್ಪ ಆಯಿಯ ಮುಖ ನೋಡಿದ. ಆಯಿ ರೊಟ್ಟಿ ಮುರಿಯುತ್ತ ಹೇಳಿದಳು: "ಹತ್ತನೆತ್ತೆ ಮುಗೀಲಿ. ದ್ಯಾಮವ್ವನ್ನ ಕೇಳೂಣು. ಹೂಂ ಅಂದ್ರ ಸಾಲಿ, ಊಹೂಂ ಅಂದ್ರ ಲಗ್ನ."

ಆ ಹೊತ್ತಿಗೆ ಅಲ್ಲೇ ಇದ್ದ ಅತ್ತೆ ಸಿಡಿದಳು. "ಯವ್ವಾ, ಬೀಳೂದಕ್ಕ ಮನಸ ಇರೂದಿಲ್ಲ. ಭೂಮಿ ಎಳೀತೈತಿ, ಅದು ಬರತೈತಿ. ಈ ಹುಡುಗಿ ಸಾಲಿ ಸುದ್ದಿ ಆ ಹೂವಿಗೇನ ಗೊತ್ತ?"

"ಹೂವಿಗೆ ಗೊತ್ತಿರೂದಿಲ್ಲ. ದ್ಯಾಮವ್ವಗ ಗೊತ್ತಿರತೈತಿ. ಆಕೀನ ಎಳೀತಾಳು."

"ಹಂಗಾರ ಕುಂಬಳಕಾಯೀನೂ ಆಕೀನ ಎಳದ್ಲ?"

"ಕುಂಬಳಕಾಯಿ ನೀ ಒಗದಿ, ಖೋಡಿ!"

"ಒಗದಿಲ್ಲ, ಬಿಟ್ಟೇನಿ! ಒಗಿಯೂದು ಬ್ಯಾರೆ, ಬಿಡೂದು ಬ್ಯಾರೆ!"

ಈ ಜಗಳ ನಾನು ಹತ್ತನೆತ್ತೆ ಮುಗಿಸುವವರೆಗೆ ನಡೆಯಿತು. ಊರಿನವರು ಅತ್ತೆಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಅವಳ ತಲೆ ಕೆಟ್ಟಿದ್ದರೆ ನನ್ನ ತಲೆಯೂ ಕೆಡಲಿ, ಯಾರಿಗೇನು? ನನಗಂತೂ ಮಾಳಿಗೆಯ ಮೇಲೆ ಸೆರಗು ಸಿಕ್ಕಿಸಿ ನಿಂತ ಅತ್ತೆಯನ್ನು ನೋಡಿದರೆ ಧೈರ್ಯ ಬರುತ್ತಿತ್ತು.

ಸುಗ್ಗಿಯಲ್ಲಿ ಜೋಳದ ರಾಶಿ ತೂರುವಾಗ ಅಪ್ಪ ಅತ್ತೆಯನ್ನು ಸೋಲಿಸಲು ಒಂದು ಹೂಟ ಹೂಡಿದ. ಕಣದ ನಡುವೆ ತೂರಲು ಇಟ್ಟ ಎತ್ತರದ ಮೆಟ್ಟಿನ ಮೇಲೆ ನಿಂತು ಮೊರದಿಂದ ಕಾಳು ಸುರಿದ. ಕಾಳು ನೇರವಾಗಿ ಕಾಲ ಬುಡಕ್ಕೆ ಬಿತ್ತು, ಹೊಟ್ಟು ತೇಲಿಕೊಂಡು ಆಚೆ ಹೋಯಿತು. "ಅಕ್ಕಾ, ನೋಡಿದಿಲ್ಲೊ? ಭಾರಂದು ಲಗೂ ಬಿತ್ತು, ಹಗರಂದು ತಡಾ ಬಿತ್ತು. ನೀ ಹೇಳಿದಂಗ ಎರಡೂ ಕೂಡೇ ಬಿದ್ದಿದ್ರ ವರ್ಷಾಪೂರ್ತಿ ಹೊಟ್ಟ ತಿನಬೇಕಾಗತಿತ್ತು!"

ಆಳುಗಳೆಲ್ಲ ನಕ್ಕರು. ಅತ್ತೆ ಜಗ್ಗಲಿಲ್ಲ. "ಅದು ಗಾಳಿ ಮಾಡೂ ಲಫಡಾ ತಮ್ಮಾ. ಗಾಳಿ ತಗದು ನೋಡು, ಕೂಡೇ ಬೀಳತಾವು."

"ಗಾಳಿ ಇಲ್ಲದ ಊರ ಯಾವದೈತಿ? ಬಸ್ಸರ ಹೊಕ್ಕೈತಿ ಏನಲ್ಲಿ?"

"ಇಲ್ಲೇ ತಗೀಬೇಕೋ!"

"ಗಾಳಿ ತಗದ್ರ ನಾವೆಲ್ಲಾ ಸಾಯತೇವಲ್ಲ ಅಕ್ಕಾ!"

"ಸಾಯ್ರಿ! ದಪ್ಪಂದವರೂ ಸಣ್ಣಂದವರೂ ಕೂಡೇ ದಪ್ಪಂತ ಬೀಳತೀರಿ. ಆವಾಗರ ನಂಬತೀರಿ!"

ಕಿತ್ತೂರಿನ ಮದುವೆಯ ಕಥೆ ಹೇಳದಿದ್ದರೆ ಅತ್ತೆಗೆ ಅನ್ಯಾಯವಾದೀತು. ಮದುವೆ ಮಾವನ ಕಡೆಯ ನಂಟರ ಹುಡುಗಿಯದು, ಅವರದು ಎರಡಂತಸ್ತಿನ ಮನೆ. ಅಂಥ ಎತ್ತರ ಕಂಡ ಕೂಡಲೇ ಅತ್ತೆಯ ಕಣ್ಣು ಹೊಳೆದವು. ವರನ ದಿಬ್ಬಣ ಬಾಗಿಲಿಗೆ ಬಂದು, ಆರತಿ ಎತ್ತುವ ಹೊತ್ತಿಗೆ ಸರಿಯಾಗಿ ಮೇಲಿನ ಗ್ಯಾಲರಿಯಿಂದ ಒಂದು ತೆಂಗಿನಕಾಯಿಯೂ ಒಂದು ಬುಂದೆಲಾಡೂ ಬಂದು ವರನ ತಂದೆಯ ಕಾಲ ಮುಂದೆ ಫಟ್ಟನೆ ಬಿದ್ದವು. ಕಾಯಿ ಎರಡು ಹೋಳಾಯಿತು. ಲಾಡು ಏನಾಯಿತೆಂದು ಯಾರೂ ಹುಡುಕಲಿಲ್ಲ. ಬಾಜಾ ಭಜಂತ್ರಿ ನಿಂತುಹೋಯಿತು. ಆ ನಿಶ್ಶಬ್ದದಲ್ಲಿ ಕಣ್ಣು ಮುಚ್ಚಿಕೊಂಡ ಮಾವನ ದನಿಯೊಂದೇ: "ಕೂಡೇ ಬಿದ್ವು!"

ವರನ ತಂದೆ ಮೀಸೆ ಅದುರಿಸುತ್ತ ಕೇಳಿದರು: "ಏನ್ರೀ ಇದು? ಇದ್ಯಾವ ಪದ್ಧತಿ?"

ಮಾವ ಕಣ್ಣು ತೆರೆದು, ಬೆವರು ಒರೆಸಿಕೊಂಡು, ಜೀವಮಾನದ ಒಂದೇ ಒಂದು ಜಾಣ ಉತ್ತರ ಕೊಟ್ಟ: "ನಮ್ಮ ಬೈಲಹೊಂಗಲ ಕಡೇದ ಪದ್ಧತಿರಿ. ಕಾಯಿ ಗಂಡಿನ ಕಡೆ, ಲಾಡು ಹೆಣ್ಣಿನ ಕಡೆ. ಎರಡೂ ಕೂಡೇ ಬಿದ್ರ ಗಂಡಾ ಹೆಂಡತಿ ಕಡೀತನಾ ಕೂಡೇ ಇರತಾರು."

ವರನ ತಂದೆಯ ಮುಖ ಅರಳಿತು. ಅಷ್ಟೇ ಅಲ್ಲ, ತಮ್ಮ ಕಡೆಯಿಂದಲೂ ಒಂದು ಜೋಡಿ ಬೀಳಲೇಬೇಕು, ನಾವೇನು ಕಡಿಮೆಯೇ ಎಂದು ಹಟ ಹಿಡಿದರು! ಅವರ ಕಡೆಯ ಮುತ್ತೈದೆಯರೂ ಗ್ಯಾಲರಿ ಹತ್ತಿದರು. ಕೆಲವು ವರ್ಷಗಳಾದ ಮೇಲೆ ರಾಮದುರ್ಗದಲ್ಲಿ ಆ ವರನ ಮನೆತನದ ಇನ್ನೊಂದು ಮದುವೆಗೆ ಹೋದರೆ, ದಿಬ್ಬಣದ ಹೊತ್ತಿಗೆ ಮೇಲಿನಿಂದ ಕಾಯಿ, ಲಾಡು ಬಿದ್ದವು. ನೋಡುತ್ತ ನಿಂತ ಅತ್ತೆಗೆ ಅವರ ಮನೆಯ ಹಿರಿಯರೊಬ್ಬರು ತಿಳಿಸಿ ಹೇಳಿದರು: "ಇದು ನಮ್ಮ ಮುತ್ತ್ಯಾರ ಕಾಲದಿಂದ ಬಂದದ್ದವ್ವಾ. ನಿಮ್ಮ ಕಡೆ ಇರಾಕಿಲ್ಲ." ಅತ್ತೆ ತಲೆ ಮೇಲೆ ಸೆರಗು ಎಳೆದುಕೊಂಡು, ಭಯಭಕ್ತಿಯಿಂದ ಕೇಳಿದಳು: "ಕೂಡೇ ಬಿದ್ವನ್ರಿ?"

ಇಷ್ಟೆಲ್ಲ ಗೆದ್ದ ಅತ್ತೆ ಸೋತದ್ದು ಒಮ್ಮೆ ಮಾತ್ರ, ಅದೂ ಒಂದು ಹೋಳಿಗೆಯ ವಿಷಯದಲ್ಲಿ.

ಅವತ್ತು ದ್ಯಾಮವ್ವನಿಗೆ ಎಡೆ. ಆಯಿ ಹೋಳಿಗೆಯ ತಾಟು ಹಿಡಿದು ಹೊಸ್ತಿಲು ದಾಟುವಾಗ ಮೇಲಿನ ಹೋಳಿಗೆ ಜಾರಿತು. ತುಪ್ಪ ಸವರಿದ ಹೋಳಿಗೆ, ನಿಲ್ಲುತ್ತದೆಯೇ? ಆದರೆ ನಮ್ಮ ಆಯಿಯೇನು ಸಾಮಾನ್ಯಳೇ? ಎಡಗೈಯಿಂದ ಸೆರಗು ಚಾಚಿ, ನೆಲಕ್ಕೆ ಗೇಣಿರುವಾಗಲೇ ಹಿಡಿದುಬಿಟ್ಟಳು. ಮತ್ತೆ ತಾಟಿಗಿಟ್ಟು ಏನೂ ಆಗಿಲ್ಲವೆಂಬಂತೆ ಹೊರಟಳು.

ಅತ್ತೆಗೆ ಇಷ್ಟು ಸಾಕಲ್ಲ! "ಯವ್ವಾ, ಬಿದ್ದದ್ದನ್ನ ದೇವರಿಗೆ ಎಡಿ ಹಿಡೀತಿ?"

"ಎಲ್ಲಿ ಬಿದ್ದೈತಿ? ನೆಲಾ ಮುಟ್ಟಿಲ್ಲ."

"ಕೈ ಬಿಟ್ಟಾಗನ ಬೀಳೂದು ಸುರು ಆಕೈತಿ ಯವ್ವಾ. ಪುಸ್ತಕದಾಗ ಹಂಗ ಐತಿ!"

"ನಿನ್ನ ಪುಸ್ತಕಾ ಇಲಿ ತಿಂದೈತಿ. ದ್ಯಾಮವ್ವನ ಕಟ್ಟಳಿ ಕೇಳು. ನೆಲಾ ಮುಟ್ಟೂತನಾ ಬಿದ್ದಂಗ ಅಲ್ಲ. ನಡುವ ಹಿಡದ್ರ ಅದು ಹಿಡದಾಕಿ ಪಾಲು. ನಮ್ಮವ್ವ ಹೇಳಿದ್ದು, ಅಕಿಗೆ ಅಕಿ ಅವ್ವ ಹೇಳಿದ್ದು."

ಅತ್ತೆ ಬಾಯಿ ತೆರೆದಳು. ಮುಚ್ಚಿದಳು. ಅವಳು ವಾದದ ಮಧ್ಯೆ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಆವತ್ತೇ. ಪೂಜಾರಿಯೂ ಆಯಿಯ ಪರವಾಗಿಯೇ ತೀರ್ಪು ಕೊಟ್ಟ. ಕೊಡದೆ ಏನು ಮಾಡಿಯಾನು, ಹೋಳಿಗೆ ತಿನ್ನುವವನು ಅವನೇ ತಾನೇ?

ಹತ್ತನೆತ್ತೆ ಪಾಸಾದೆ. ಒಳ್ಳೆಯ ಅಂಕಗಳೇ ಬಂದವು. ಪೇಢೆ ಹಂಚಿದ್ದೂ ಆಯಿತು. ಅದರ ಮರುವಾರವೇ ಮುರಗೋಡದ ಕಡೆಯ ಒಬ್ಬ ಹುಡುಗನ ಸುದ್ದಿ ಮನೆಯಲ್ಲಿ ಸುಳಿದಾಡತೊಡಗಿತು. ಹೊಲ ಇದೆಯಂತೆ, ಮೋಟರ್ ಇದೆಯಂತೆ, ಹುಡುಗ ಸಂಭಾವಿತನಂತೆ. ನನಗೆ ಊಟ ಸೇರಲಿಲ್ಲ. ಅವ್ವ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು, ಕೇಳಿದರೆ ಹೊಗೆ ಎಂದಳು. ಆಗಲೇ ನಮ್ಮ ಮನೆಗೆ ಗ್ಯಾಸ್ ಬಂದು ವರ್ಷವಾಗಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಎಲ್ಲರೂ ದ್ಯಾಮವ್ವನ ಗುಡಿಗೆ ಹೋದೆವು. ಸಣ್ಣ ಕಲ್ಲಿನ ಗುಡಿ, ಒಳಗೆ ಎದೆಮಟ್ಟದ ಕಟ್ಟೆಯ ಮೇಲೆ ದೇವಿ. ಪೂಜಾರಿ ಎರಡು ಕೆಂಪು ಕಣಗಿಲೆ ಹೂವನ್ನು ನೀರಲ್ಲದ್ದಿ ದೇವಿಯ ಭುಜಗಳಿಗೆ ಅಂಟಿಸಿ ಪಕ್ಕಕ್ಕೆ ಸರಿದ. ಗರ್ಭಗುಡಿಯ ಹೊಸ್ತಿಲಿನ ಈಚೆ ನಾವು. ಮುಂದೆ ಆಯಿ, ಅವಳ ಬದಿಗೆ ಅತ್ತೆ, ಹಿಂದೆ ಅಪ್ಪ, ಅವ್ವ, ನಾನು. ಮಾವ ಹೊರಗೆ ಬಾಗಿಲಲ್ಲಿ, ರೂಢಿಯಂತೆ.

ಅತ್ತೆ ಇವತ್ತು ಗಲಾಟೆ ಮಾಡುತ್ತಾಳೆಂದು ಎಲ್ಲರೂ ಎಣಿಸಿದ್ದರು. ನಾನಂತೂ ಅದನ್ನೇ ನಂಬಿಕೊಂಡು ಬಂದಿದ್ದೆ. ಅವಳು ತುಟಿ ಎರಡು ಮಾಡಲಿಲ್ಲ. ಸುಮ್ಮನೆ ಕಣ್ಣು ಕೀಲಿಸಿ ಆ ಹೂವುಗಳನ್ನೇ ನೋಡುತ್ತ ಕೂತಿದ್ದಳು. ನನಗೆ ಎಂಥ ಸಿಟ್ಟು ಬಂತೆಂದರೆ! ಊರ ಮಂದಿಯ ತಲೆಯ ಮೇಲೆ ಕುಂಬಳಕಾಯಿ ಬಿಡಲು ಬರುತ್ತದೆ, ನನ್ನ ಪರವಾಗಿ ಒಂದು ಮಾತು ಆಡಲು ಬಾರದೇ?

ಆ ಮೌನ ಆಯಿಗೂ ಸಹಿಸಲಾಗಲಿಲ್ಲವೆಂದು ಕಾಣುತ್ತದೆ. ಸಮಾಧಾನ ಮಾಡುವವಳಂತೆ ಅತ್ತೆಯ ತೊಡೆ ತಟ್ಟಿ ಹೇಳಿದಳು: "ಯಾಕ ಮಾರಿ ಸಣ್ಣ ಮಾಡತಿ? ನೀನೂ ಹತ್ತನೆತ್ತೆ ಮುಗಿಸಿ ಧಾರವಾಡಕ್ಕ ಹೊಕ್ಕೇನಿ ಅಂದಾಗ ಹಿಂಗ ಇಲ್ಲೇ ಕೂತ ಕೇಳಿದ್ದಿವಿ. ಎಡಕ್ಕ ಬಿತ್ತು. ಏನ ಕೆಟ್ಟಾತು? ದೇವರಂಥ ಗಂಡ ಸಿಕ್ಕ."

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ನೆಲ ನೋಡುತ್ತಿದ್ದ. ಬಾಗಿಲಲ್ಲಿದ್ದ ಮಾವ ಮುಖ ಆ ಕಡೆ ತಿರುಗಿಸಿಕೊಂಡ. ಈ ಮಾತು ನನಗೆ ಯಾರೂ ಹೇಳಿರಲಿಲ್ಲ. ಅತ್ತೆಯೂ ಹತ್ತನೆತ್ತೆ ಪಾಸಾಗಿದ್ದಳು. ಅತ್ತೆಯೂ ಧಾರವಾಡಕ್ಕೆ ಹೋಗುತ್ತೇನೆಂದಿದ್ದಳು. ಇದೇ ಗುಡಿಯಲ್ಲಿ, ಇದೇ ದೇವಿಯ ಎಡಭುಜದಿಂದ ಒಂದು ಹೂವು ಬಿದ್ದಿತ್ತು, ಅವಳ ಶಾಲೆ ಮುಗಿದಿತ್ತು. ಬೀಳುವುದಕ್ಕೆ ಮನಸ್ಸಿಲ್ಲ, ಬೀಳುವುದಕ್ಕೆ ಏನೂ ಗೊತ್ತಿಲ್ಲ ಎಂದು ಇಷ್ಟು ವರ್ಷ ಮಾಳಿಗೆಯ ಮೇಲಿಂದ ಅವಳು ಯಾರಿಗೆ ಕೂಗಿ ಹೇಳುತ್ತಿದ್ದಳೋ!

ಹೊತ್ತು ಹೋಯಿತು. ಬಲಗಡೆಯ ಹೂವು ಅಲುಗಲಿಲ್ಲ. ಎಡಗಡೆಯದರ ತುದಿಯಲ್ಲಿ ಒಂದು ನೀರಿನ ಹನಿ ದಪ್ಪಗಾಗುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

ಪೂಜಾರಿ ಕಿರುಚಿದ್ದು ಕೇಳಿ ಕಣ್ಣು ಬಿಟ್ಟೆ. "ಬಾಯಾರ! ಒಳಗ ಬರಬ್ಯಾಡ್ರಿ!"

ಅತ್ತೆ ಹೊಸ್ತಿಲಿನಾಚೆ ಇದ್ದಳು! ಯಾವಾಗ ಎದ್ದಳು, ಯಾವಾಗ ದಾಟಿದಳು, ಆಣೆ ಮಾಡಿ ಹೇಳುತ್ತೇನೆ, ಯಾರೂ ನೋಡಲಿಲ್ಲ. ಒಂದು ಮೊಣಕಾಲು ನೆಲಕ್ಕೂರಿ, ಬಲಗೈ ಮುಂದೆ ಚಾಚಿದ್ದಳು. ಆ ಕೈಯಲ್ಲಿ ಎಡಗಡೆಯ ಕಣಗಿಲೆ ಇತ್ತು. ಅಷ್ಟು ವರ್ಷ ಬೀಳುವುದನ್ನೇ ನೋಡಿದವಳಿಗೆ, ಯಾವುದು ಯಾವ ಗಳಿಗೆಗೆ ಬೀಳುತ್ತದೆಂದು ಬೇರೆಯವರು ಹೇಳಿಕೊಡಬೇಕೇ?

"ಎಡಕ್ಕ ಬಿತ್ತು!" ಆಯಿ ಎದ್ದು ನಿಂತಳು. "ಎಡಕ್ಕ ಬಿತ್ತು, ನಾ ನೋಡೇನಿ!"

"ಎಲ್ಲಿ ಬಿದ್ದೈತಿ ಯವ್ವಾ? ತೋರಸು." ಅತ್ತೆ ಹೂವಿದ್ದ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ನೆಲಾ ಮುಟ್ಟೂತನಾ ಬಿದ್ದಂಗ ಅಲ್ಲ. ನಡುವ ಹಿಡದ್ರ ಹಿಡದಾಕಿ ಪಾಲು. ಇದು ನನ್ನ ಪುಸ್ತಕದಾಗಿಂದಲ್ಲ. ದ್ಯಾಮವ್ವನ ಕಟ್ಟಳಿ. ನಿಮ್ಮವ್ವ ಹೇಳಿದ್ದು, ಅಕಿಗೆ ಅಕಿ ಅವ್ವ ಹೇಳಿದ್ದು. ಹೌದಿಲ್ಲೊ?"

ಆಯಿ ಪೂಜಾರಿಯ ಮುಖ ನೋಡಿದಳು. ಹೋಳಿಗೆಯ ತೀರ್ಪು ಕೊಟ್ಟವನೇ ಅವನು. ತಲೆ ಕೆರೆದುಕೊಂಡ.

"ನನ್ನ ಹೂವ ಬಿದ್ದಾಗ ನಾ ಇಲ್ಲೇ ಕೈ ಕಟಗೊಂಡ ಕುಂತಿದ್ದೆ ಯವ್ವಾ," ಎಂದಳು ಅತ್ತೆ. "ಕಣ್ಣ ಮುಂದನ ಬಿತ್ತು. ಹಿಡೀಬಹುದು ಅಂತ ನನಗ ಗೊತ್ತಿರಲಿಲ್ಲ."

ಹೊರಗಿನಿಂದ ಮಾವ, ಒಳಗೆ ಏನಾಯಿತೆಂದು ತಿಳಿಯದೆ, ಹೆದರಿದ ದನಿಯಲ್ಲಿ ಕೇಳಿದ: "ಬಿತ್ತನ?"

"ಇಲ್ರಿ," ಎಂದಳು ಅತ್ತೆ. "ಬೀಳಲಿಲ್ಲ."

ಆಯಿ ಬಹಳ ಹೊತ್ತು ತನ್ನ ಮಗಳನ್ನೇ ನೋಡಿದಳು. ಹಿಂದೆ ಯಾವಾಗಲೋ ನೋಡಬೇಕಾಗಿದ್ದದ್ದನ್ನು ಈಗ ನೋಡುತ್ತಿದ್ದಾಳೆನಿಸಿತು. ಪೂಜಾರಿ ಮೆಲ್ಲಗೆ, "ಬಲಗಡೇದ ಇನ್ನೂ ಐತ್ರಿ ಆಯಿ, ಕಾಯೂದನ್ರಿ?" ಎಂದ. ಆಯಿ ಸೆರಗಿನಿಂದ ಮೂಗು ಒರೆಸಿಕೊಂಡು ಅವನಿಗೇ ಗದರಿದಳು: "ಏನ ಕಾಯತಿಯೋ? ದ್ಯಾಮವ್ವ ಅಷ್ಟ ಚೆಂದ ಹೇಳ್ಯಾಳಲ್ಲ!" ಆಮೇಲೆ ಅಪ್ಪನ ಕಡೆ ತಿರುಗಿದಳು: "ಏ ತಮ್ಮಾ, ಧಾರವಾಡದ ಬಸ್ಸ ಎಷ್ಟಕ್ಕೈತಿ ಕೇಳಕೊಂಡ ಬಾ."

ಮುರಗೋಡದ ಸಂಭಾವಿತ ಹುಡುಗನಿಗೆ ಬೇರೆ ಕಡೆ ಒಳ್ಳೆಯ ಹೆಂಡತಿ ಸಿಕ್ಕಳು. ನಾನು ಧಾರವಾಡಕ್ಕೆ ಹೊರಟ ದಿನ ಬಸ್ ನಿಲ್ದಾಣಕ್ಕೆ ಅತ್ತೆ ಬಂದಿದ್ದಳು. ಇಲಿ ತಿಂದ ಆ ಪುಸ್ತಕವನ್ನು ನನ್ನ ಚೀಲಕ್ಕೆ ತುರುಕಿ, "ಮದಲಿನ ಪಾಠದಾಗ ಏನೈತಿ ನೋಡಿ ಬರಿ, ನನಗೂ ಗೊತ್ತಾಗಲಿ" ಎಂದಳು. ಬಸ್ಸು ಹೊರಡುವಾಗ ಕಿಟಕಿಯ ಬಳಿ ಬಂದು ಸೊಂಟದ ಗಂಟು ಬಿಚ್ಚಿ, ಒಣಗಿ ಕಪ್ಪಾದ ಆ ಕಣಗಿಲೆಯನ್ನು ನನ್ನ ಅಂಗೈಯಲ್ಲಿಟ್ಟಳು. ಅವಳ ಕೈ ಒಂದು ಗಳಿಗೆ ನನ್ನ ಕೈಯ ಕೆಳಗೇ ಇತ್ತು. ಕಂಡದ್ದನ್ನೆಲ್ಲ ಬೀಳಿಸಿದ ನನ್ನ ಅತ್ತೆ, ಬಸ್ಸಿನ ಸದ್ದಿಗಿಂತ ಗಟ್ಟಿಯಾಗಿ, ಜಗಳಕ್ಕೆ ನಿಂತವಳ ಹಾಗೆ ಹೇಳಿದಳು:

"ಗಟ್ಟಿ ಹಿಡಿ ಮಗಳ. ಬೀಳಸಬ್ಯಾಡ."